ದೊಡ್ಡಳಿಯನ ಸ್ಫೋಟ

ಮಂಗಳವಾರ ಯಾರಿಗೆ ಸೇರಬೇಕು ಎಂಬುದು ಆ ವರ್ಷ ಬಾಹ್ಯಾಕಾಶ ದೂರದರ್ಶಕದ ಕಚೇರಿಯ ಮುಂದೆ ಬಂದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು. ದೂರದರ್ಶಕವನ್ನು ತಿರುಗಿಸುವ ಚಕ್ರಗಳಲ್ಲೊಂದು ಅದೇ ವರ್ಷ ಕೆಟ್ಟು ನಿಂತಿತ್ತು. ಅದನ್ನು ಒಂದೇ ಸಭೆಯಲ್ಲಿ, ಕಾಫಿ ಆರುವುದರೊಳಗೆ ಬಗೆಹರಿಸಿದರು. ಮಂಗಳವಾರಕ್ಕೆ ಮೂರು ಸಭೆಗಳು ಬೇಕಾದವು, ಮೂರನೆಯದರಲ್ಲಿ ಬಾಗಿಲು ಹಾಕಿಕೊಂಡರು.

ಭೂಮಿಯನ್ನು ಸುತ್ತುತ್ತಿರುವ ಆ ದೂರದರ್ಶಕದ ಕೆಲಸ ಕಾಯುವುದು. ಎಲ್ಲೋ ಊಹೆಗೂ ನಿಲುಕದ ದೂರದಲ್ಲಿ ಒಂದು ಮಹಾ ನಕ್ಷತ್ರ ಕುಸಿದು ಸತ್ತಾಗ ಗಾಮಾ ಕಿರಣಗಳ ಒಂದು ಮಿಂಚು ಹೊರಡುತ್ತದೆ. ಕೆಲವು ಕ್ಷಣ ಇಡೀ ಆಕಾಶದಲ್ಲಿ ಅದಕ್ಕಿಂತ ಪ್ರಖರವಾದದ್ದು ಇರುವುದಿಲ್ಲ, ಆಮೇಲೆ ಆರಿಹೋಗುತ್ತದೆ; ಹಿಂದೆ ಉಳಿದ ಕಿಡಿಯೊಂದು ಮಾತ್ರ ಕೆಲವು ಗಂಟೆ ಮಿನುಗುತ್ತದೆ. ಮಿಂಚು ತಾಗಿದ ಕೂಡಲೇ ದೂರದರ್ಶಕ ಯಾರನ್ನೂ ಕೇಳದೆ ಅತ್ತ ತಿರುಗಿ ಕೆಳಕ್ಕೆ ಸುದ್ದಿ ಕಳಿಸುತ್ತದೆ. ಕೆಳಗೆ ಸರದಿಯ ಮೇಲೆ ಕೂತ ವಿಜ್ಞಾನಿ, ಅದು ನಿಜವಾದ ಸ್ಫೋಟವೋ, ಸೂರ್ಯನ ಕಿತಾಪತಿಯೋ, ಅಡ್ಡದಾರಿ ಹಿಡಿದ ಕಣಗಳ ಗುಂಪೊಂದು ಉಪಕರಣಕ್ಕೆ ಬಂದು ಬಡಿದದ್ದೋ ಎಂದು ನೋಡಬೇಕು. ನಿಜವಾಗಿದ್ದರೆ ಜಗತ್ತಿನ ವೀಕ್ಷಣಾಲಯಗಳಿಗೆಲ್ಲ ಒಂದು ಪ್ರಕಟಣೆ ಕಳಿಸಬೇಕು: ಇಂಥ ಕಡೆ ನೋಡಿ, ಬೇಗ ನೋಡಿ, ಕಿಡಿ ಆರುವ ಮೊದಲು ನೋಡಿ. ಪ್ರಕಟಣೆಯಲ್ಲಿ ಮೊದಲು ಬರುವ ಹೆಸರು ಸರದಿಯವರದು. ನಿಯಮದ ಪ್ರಕಾರ ಸ್ಫೋಟ ಯಾರ ಸ್ವತ್ತೂ ಅಲ್ಲ. ಆದರೆ ಕಾರಿಡಾರಿನಲ್ಲಿ ಎಲ್ಲರೂ ಕೇಳುವುದು, 'ಅದು ಯಾರ ಸ್ಫೋಟ?' ಎಂದೇ.

ಜಗಳ ಇಬ್ಬರು ವಿಜ್ಞಾನಿಗಳದು. ಇಬ್ಬರೂ ಷಡ್ಡಕರು, ಅಕ್ಕ ತಂಗಿಯರನ್ನು ಮದುವೆಯಾದವರು. ಅವರ ಅತ್ತೆ ಒಮ್ಮೆ ಕಚೇರಿ ನೋಡಲು ಬಂದಿದ್ದರು. ಯಾರನ್ನು ಕಾಣಬೇಕು ಎಂದು ಬಾಗಿಲಲ್ಲಿ ಕೇಳಿದ್ದಕ್ಕೆ, "ದೊಡ್ಡಳಿಯಂದ್ರಾದ್ರೂ ಆಯ್ತು, ಚಿಕ್ಕಳಿಯಂದ್ರಾದ್ರೂ ಆಯ್ತು. ಚಿಕ್ಕಳಿಯಂದ್ರು ಸಿಕ್ಕಿದ್ರೆ ಒಳ್ಳೇದು" ಅಂದರು. ಅಂದಿನಿಂದ ಇಡೀ ಕಟ್ಟಡಕ್ಕೆ ಅವರು ದೊಡ್ಡಳಿಯ ಮತ್ತು ಚಿಕ್ಕಳಿಯ. ಆ ಕೊನೆಯ ವಾಕ್ಯವನ್ನು ಎಲ್ಲರೂ ಮರೆತರು, ಒಬ್ಬನನ್ನು ಬಿಟ್ಟು.

ದೊಡ್ಡಳಿಯ ಕಚೇರಿಯ ಹಳಬ. ಯಾವಾಗ ತಿರುಗಬೇಕು, ಯಾವಾಗ ಸುಮ್ಮನಿರಬೇಕು ಎಂದು ದೂರದರ್ಶಕಕ್ಕೆ ಬುದ್ಧಿ ಹೇಳುವ ಪ್ರೋಗ್ರಾಮಿನ ದೊಡ್ಡ ಪಾಲು ಅವನದೇ ಬರವಣಿಗೆ. ಷಡ್ಡಕನಿಗೆ ಇಲ್ಲಿ ಕೆಲಸ ಖಾಲಿ ಇದೆಯೆಂದು ತಿಳಿಸಿ, ಅರ್ಜಿ ತಿದ್ದಿಕೊಟ್ಟು, ಮುಖ್ಯಸ್ಥೆಯ ಹತ್ತಿರ ಎರಡು ಒಳ್ಳೆಯ ಮಾತಾಡಿ ಒಳಗೆ ಸೇರಿಸಿದವನೂ ಅವನೇ. ಆ ಎರಡು ಮಾತು ಈಗ ಅವನಿಗೆ ಹಲ್ಲುನೋವಿನ ಹಾಗೆ ಆಗಾಗ ಮರುಕಳಿಸುತ್ತಿತ್ತು. ಯಾಕೆಂದರೆ ಚಿಕ್ಕಳಿಯನ ಸರದಿ ಮಂಗಳವಾರ, ಮತ್ತು ಸ್ಫೋಟಗಳು ಮಂಗಳವಾರ ಬೀಳುತ್ತಿದ್ದವು. ಪತ್ರಿಕೆಗಳವರೂ ಹುಡುಕಿಕೊಂಡು ಬಂದ, ಕಚೇರಿಯವರು ಈಗಲೂ 'ಅಬ್ಬಾ' ಎಂದು ಕರೆಯುವ ಆ ಭಾರಿ ಸ್ಫೋಟ ಬಿದ್ದದ್ದು ಮಂಗಳವಾರ. ಅದರ ಚಿತ್ರದ ಪಕ್ಕದಲ್ಲಿ ಚಿಕ್ಕಳಿಯ ನಗುತ್ತಿರುವ ಪತ್ರಿಕೆಯ ತುಣುಕು ಅತ್ತೆಯ ಮನೆಯ ಫ್ರಿಜ್ಜಿನ ಮೇಲಿದೆ. ದೊಡ್ಡಳಿಯನ ಸರದಿ ಗುರುವಾರ. ಗುರುವಾರ ಸೂರ್ಯ ಕೆಮ್ಮುತ್ತಿದ್ದ. ಕಣಗಳು ಬಂದು ಬಡಿಯುತ್ತಿದ್ದವು. ಒಂದು ಗುರುವಾರವಂತೂ ಗಾಮಾ ಪತ್ತೆಕಾರಕವೇ ಸುಮ್ಮನೆ ಚಟಪಟ ಅಂದು, ಆಮೇಲೆ ಏನೂ ಆಗಿಲ್ಲದವರ ಹಾಗೆ ಕೂತಿತ್ತು. ಒಂದೆರಡು ಸಣ್ಣ ಸ್ಫೋಟಗಳು ಅವನಿಗೂ ಬಿದ್ದಿದ್ದವು. ಅವುಗಳ ಬಗ್ಗೆ ಅವನೂ ಮಾತಾಡುತ್ತಿರಲಿಲ್ಲ. ತನ್ನದು ಎಂದು ಹೇಳಿಕೊಳ್ಳುವಂಥ ಒಂದೇ ಒಂದು ಸ್ಫೋಟ ಬೇಕು. ಅವನಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

"ಮಂಗಳವಾರ ನನಗೆ ಕೊಡಿ ಮೇಡಂ," ಎಂದು ಅವನು ಮುಖ್ಯಸ್ಥೆಯ ಕೋಣೆಯಲ್ಲಿ ಕೇಳಿದ.

ಮುಖ್ಯಸ್ಥೆ ಕನ್ನಡಕ ತೆಗೆದರು. "ಸ್ಫೋಟಗಳು ಬೀಳೋದಕ್ಕೆ ವಾರ ಇಲ್ಲ, ವೇಳೆ ಇಲ್ಲ, ಒಂದು ಬಿದ್ದಿದ್ದರಿಂದ ಇನ್ನೊಂದರ ಬಗ್ಗೆ ಏನೂ ಹೇಳಕ್ಕಾಗಲ್ಲ ಅಂತ ಪ್ರಬಂಧ ಬರೆದೋರು ಯಾರ್ರೀ?"

"ನಾನೇ."

"ಚೆನ್ನಾಗಿತ್ತು. ನಾನು ಪಾಠದಲ್ಲಿ ಹೇಳ್ತೀನಿ ಅದನ್ನ."

"ಅದು ಸಾಮಾನ್ಯವಾಗಿ ಹೇಳಿದ್ದು ಮೇಡಂ. ಇದು ಮನೆ ವಿಷಯ."

ಮುಖ್ಯಸ್ಥೆ ಚಿಕ್ಕಳಿಯನನ್ನು ಕರೆಸಿದರು. ಅವನು ಒಂದು ಕ್ಷಣವೂ ಯೋಚಿಸದೆ, "ತಗೊಳ್ಳಲಿ ಮೇಡಂ, ಅಣ್ಣನಿಗೆ ಬೇಕಂದ್ರೆ ನಂದೇನು? ನಂಗೆ ಯಾವ ವಾರ ಆದ್ರೂ ಒಂದೇ" ಅಂದ. ಜಗಳಕ್ಕೆಂದು ತೋಳು ಏರಿಸಿಕೊಂಡು ಬಂದಿದ್ದ ದೊಡ್ಡಳಿಯನಿಗೆ ತೋಳು ಇಳಿಸುವುದು ಹೇಗೆಂದು ತಿಳಿಯಲಿಲ್ಲ. ಸಭೆಗಳು ಮೂರಾದದ್ದು ಅದಕ್ಕೇ. ಇಷ್ಟು ಸಲೀಸಾಗಿ ಬಿಟ್ಟುಕೊಡುತ್ತಾನೆಂದರೆ ಏನೋ ಇರಬೇಕು ಎಂದು ಅವನು ತಾನು ಕೇಳಿದ್ದನ್ನೇ ವಾಪಸು ಪಡೆದು, ಮತ್ತೆ ಕೇಳಿ, ಕೊನೆಗೆ ಮಂಗಳವಾರವನ್ನು ಸಂಪಾದಿಸಿದ.

ಎರಡೂ ಸಂಸಾರಗಳು ಒಂದೇ ಕಟ್ಟಡದಲ್ಲಿದ್ದವು. ಎರಡನೆಯ ಮಹಡಿ ದೊಡ್ಡಳಿಯನದು, ನಾಲ್ಕನೆಯದು ಚಿಕ್ಕಳಿಯನದು, ನಡುವಿನದು ಅತ್ತೆಯದು. ಲಿಫ್ಟ್ ಕೆಟ್ಟಾಗ ಚಿಕ್ಕಳಿಯ ಅತ್ತೆಯ ಬಾಗಿಲು ದಾಟಿಯೇ ಮೇಲೆ ಹೋಗಬೇಕು. ದಾಟುವಾಗ ತಲೆ ಹಾಕಿ ಮಾತಾಡಿಸುತ್ತಾನೆ. ಲಿಫ್ಟ್ ಕೆಟ್ಟರೂ ಸರಿಯಿದ್ದರೂ ದೊಡ್ಡಳಿಯನಿಗೆ ಆ ಬಾಗಿಲು ದಾರಿಯಲ್ಲಿ ಸಿಗುವುದಿಲ್ಲ. ಇದನ್ನೂ ಅವನು ಷಡ್ಡಕನ ಅದೃಷ್ಟದ ಲೆಕ್ಕಕ್ಕೇ ಸೇರಿಸಿದ್ದ.

ಭಾನುವಾರ ಎಲ್ಲರಿಗೂ ಊಟ ಅತ್ತೆಯ ಮನೆಯಲ್ಲಿ.

"ಭಾವ, ಮಂಗಳವಾರ ಗೆದ್ಕೊಂಡ್ರಂತೆ?" ಎಂದಳು ನಾದಿನಿ, ಬಡಿಸುತ್ತ. "ಇನ್ಮೇಲೆ ನಮ್ಮನೆಯವರು ಮಂಗಳವಾರ ಮನೇಲಿರ್ತಾರೆ. ಬಟ್ಟೆ ಒಣಗ್ಸಕ್ಕೆ ಒಂದು ಆಳು ಸಿಕ್ತು ನಂಗೆ. ಥ್ಯಾಂಕ್ಸ್."

"ಅದು ಗೆಲ್ಲೋದಲ್ಲ, ಆಡಳಿತದ ಹೊಂದಾಣಿಕೆ," ಎಂದ ದೊಡ್ಡಳಿಯ.

"ಹೊಂದಾಣಿಕೆ ಅಂತೆ," ಎಂದಳು ಅವನ ಹೆಂಡತಿ. "ರಾತ್ರಿಯೆಲ್ಲ ನಿದ್ದೇಲಿ ಮಂಗಳವಾರ ಮಂಗಳವಾರ ಅಂತಿದ್ರು. ಯಾವಳಪ್ಪಾ ಇವಳು ಅಂದ್ಕೊಂಡೆ."

ಎಲ್ಲರೂ ನಕ್ಕರು. ಚಿಕ್ಕಳಿಯ ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಕಡಿಮೆ ನಕ್ಕ. ಅದು ದೊಡ್ಡಳಿಯನಿಗೆ ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಆಮೇಲೆ ಚಿಕ್ಕಳಿಯ ಕೇಳಿದ: "ಅಣ್ಣ, ನಿಮ್ಮ ಪ್ರಕಾರ ಒಳ್ಳೇ ಸ್ಫೋಟ ಅಂದ್ರೆ ಹೇಗಿರ್ಬೇಕು?" ಕೆಲಸದ ವಿಷಯ ಕೇಳಿದರೆ ದೊಡ್ಡಳಿಯನಿಗೆ ವೈರ ಮರೆತುಹೋಗುತ್ತದೆ. ಅವನು ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಾಡಿಸಿ ಗೆರೆ ಎಳೆದು ತೋರಿಸಿದ: ಮೊದಲು ಮುಳ್ಳಿನಷ್ಟು ಒಂದು ಸಣ್ಣ ಏರು; ಆಮೇಲೆ ಮೌನ, ಮುಗಿಯಿತು ಎನ್ನಿಸುವಷ್ಟು ಉದ್ದದ ಮೌನ; ಆಮೇಲೆ ಒಂದು ದೊಡ್ಡ ಶಿಖರ, ಅದರ ಹೆಗಲಿಗೆ ಆತುಕೊಂಡು ಇನ್ನೊಂದು. "ಎರಡನೇದು ಗಿಡ್ಡ ಇರಬೇಕಾ?" ಎಂದ ಚಿಕ್ಕಳಿಯ. "ಸ್ವಲ್ಪ ಗಿಡ್ಡ," ಎಂದ ದೊಡ್ಡಳಿಯ, ಪ್ರೀತಿಯಿಂದ. ಅತ್ತೆ ಬಟ್ಟೆ ತಂದು ಅದನ್ನು ಒರೆಸಿದರು.

ಈಗ ಅಣಕು ಸ್ಫೋಟಗಳ ವಿಷಯ ಹೇಳಬೇಕು. ಸರದಿಯವರು ಎಚ್ಚರವಾಗಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಲು ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಯಾವಾಗಲಾದರೊಮ್ಮೆ, ಯಾರಿಗೂ ಹೇಳದೆ, ಕೈಯಿಂದ ಮಾಡಿದ ಒಂದು ಹುಸಿ ಸ್ಫೋಟವನ್ನು ಸರದಿಯ ಪರದೆಗೆ ಬಿಡುವುದು. ಸರದಿಯವರು ಅದನ್ನು ನಿಜವೆಂದೇ ಎಣಿಸಿ ಪ್ರಕಟಣೆ ಬರೆದು ಕಳಿಸಬೇಕು. ಅದು ಹೊರಜಗತ್ತಿಗೆ ಹೋಗದಂತೆ ಉಸ್ತುವಾರಿ ತಡೆಹಿಡಿಯುತ್ತಾರೆ. ಯಾವುದು ಅಣಕು ಎಂಬುದು ಉಸ್ತುವಾರಿಗೂ ಮುಖ್ಯಸ್ಥೆಗೂ ಮಾತ್ರ ಗೊತ್ತು. ಸರದಿಯವರು ಬಾಯಿಬಿಟ್ಟು ಕೇಳಿದರೂ ಉಸ್ತುವಾರಿ 'ನಂದಲ್ಲ' ಎನ್ನಬೇಕು, ಅದು ನಿಯಮ.

ಆ ವರ್ಷದ ಉಸ್ತುವಾರಿ ಚಿಕ್ಕಳಿಯ.

ಹಿಂದೊಂದು ಗುರುವಾರ ಅವನು ಬಿಟ್ಟ ಅಣಕನ್ನು ದೊಡ್ಡಳಿಯ ನಿಜವೆಂದು ನಂಬಿ ಪ್ರಕಟಣೆ ಬರೆದಿದ್ದ. ಒಂದೇ ವಾಕ್ಯದಲ್ಲಿ 'ಅಪೂರ್ವ' ಮತ್ತು 'ಅಭೂತಪೂರ್ವ' ಎರಡೂ ಇದ್ದವು. ಗುಟ್ಟು ಬಿಚ್ಚುವ ದಿನ ಕೇಕ್ ಕತ್ತರಿಸಿ, ಪ್ರಕಟಣೆಯನ್ನು ಗಟ್ಟಿಯಾಗಿ ಓದುವುದು ಪದ್ಧತಿ. ಓದಿದವನು ಚಿಕ್ಕಳಿಯ. ಅವನು ಒಂದು ಸಲವೂ ನಗದೆ, ವಿರಾಮಚಿಹ್ನೆಗಳಿಗೂ ಮರ್ಯಾದೆ ಕೊಟ್ಟು ಓದಿದ. ಉಳಿದವರು ಕಣ್ಣೊರೆಸಿಕೊಂಡರು. ದೊಡ್ಡಳಿಯನೂ ಕೇಕ್ ತಿಂದ, ತಿನ್ನದಿದ್ದರೆ ಎಲ್ಲರಿಗೂ ತಿಳಿಯುತ್ತದೆಂದು.

ಹೊಸ ಸರದಿಯ ಮೊದಲ ಕೆಲವು ಮಂಗಳವಾರಗಳು ಖಾಲಿ ಹೋದವು. ಆಮೇಲೊಂದು ಮಂಗಳವಾರ, ಊಟ ಮುಗಿದು ಕಣ್ಣು ಎಳೆಯುತ್ತಿದ್ದ ಹೊತ್ತಿಗೆ, ಸರದಿಯ ಫೋನು ಅರಚಿಕೊಂಡಿತು.

ದೊಡ್ಡಳಿಯ ಪರದೆ ನೋಡಿದ. ಮುಳ್ಳಿನಷ್ಟು ಒಂದು ಸಣ್ಣ ಏರು. ಮೌನ. ಮುಗಿಯಿತು ಎನ್ನಿಸುವಷ್ಟು ಉದ್ದದ ಮೌನ. ಆಮೇಲೆ ಒಂದು ಶಿಖರ, ಪರದೆಯ ಅಂಚು ಮೀರಿ ಹೋಗುವಂತೆ. ಅದರ ಹೆಗಲಿಗೆ ಇನ್ನೊಂದು, ಸ್ವಲ್ಪ ಗಿಡ್ಡ.

ಒಂದು ಉಸಿರಿನಷ್ಟು ಹೊತ್ತು ಅವನು ಲೋಕದಲ್ಲೇ ಅತ್ಯಂತ ಸುಖಿಯಾದ ಮನುಷ್ಯನಾಗಿದ್ದ. ಎರಡನೆಯ ಉಸಿರಿಗೆ ಅತ್ತೆ ಬಟ್ಟೆಯಿಂದ ಒರೆಸಿದ ಮೇಜು ನೆನಪಾಯಿತು.

"ಅಯ್ಯೋ ಪಾಪಿ," ಎಂದ.

ಎದುರಿನ ಮೇಜಿನಲ್ಲಿ ಸೂರ್ಯನ ಮೇಲೆ ಕೆಲಸ ಮಾಡುವ ಸಹೋದ್ಯೋಗಿಯಿದ್ದಳು. ಕಚೇರಿಯವರು ಅವಳನ್ನು ಸೂರ್ಯಕ್ಕ ಎನ್ನುತ್ತಿದ್ದರು. ಅವಳು ಎದ್ದು ಬಂದು ಬಗ್ಗಿ ನೋಡಿದಳು. "ಸಾರ್! ಇದು ನಮ್ಮ ಸೂರ್ಯಂದಲ್ಲ. ಕಳಿಸಿ, ಕಳಿಸಿ, ಏನ್ ನೋಡ್ತಾ ಕೂತಿದೀರಾ?"

"ಕೂತ್ಕೊಳ್ಳಮ್ಮ. ಇದು ನಮ್ಮತ್ತೆ ಮನೆ ಊಟದ ಮೇಜಿನ ಮೇಲೆ ಹುಟ್ಟಿದ್ದು."

"ಅಂದ್ರೆ?"

"ಷಡ್ಡಕನ ಕೈಕೆಲಸ. ನನ್ನ ಕಿವಿ ಮೇಲೆ ಹೂ ಇಡಕ್ಕೆ ಎರಡನೇ ಸಲ ಬಂದಿದಾನೆ."

"ಅಣಕೇ ಆಗ್ಲಿ ಸಾರ್, ಕಳಿಸ್ಬೇಕು ತಾನೆ? ರೂಲ್ ಅದೇ ಅಲ್ವಾ?"

"ಕಳಿಸ್ತೀನಿ, ಅವನು ಕೇಕ್ ಮುಂದೆ ನಿಂತು ಓದ್ತಾನೆ. ಒಂದು ಸಲ ಆಯ್ತು, ಸಾಕು."

ದೂರದರ್ಶಕ ನಿಜವಾಗಿ ತಿರುಗಿದೆಯೇ ಎಂದು ಕೆಳಗಿನ ಆಂಟೆನಾ ಕೋಣೆಗೆ ಒಂದು ಫೋನು ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಣಕು ಪರದೆಯನ್ನು ಮೋಸಗೊಳಿಸಬಹುದು, ಆಕಾಶದಲ್ಲಿರುವ ಯಂತ್ರವನ್ನು ತಿರುಗಿಸಲಾರದು. ದೊಡ್ಡಳಿಯನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಫೋನಿನ ಮೇಲೆ ಕೈಯಿಟ್ಟ, ಆಮೇಲೆ ತೆಗೆದ. ಕೇಳಿದರೆ ಆಂಟೆನಾದವರು ನಗುತ್ತಾರೆ. ನಕ್ಕದ್ದು ಚಿಕ್ಕಳಿಯನಿಗೆ ತಲುಪುತ್ತದೆ. ಒಂದು ಕ್ಷಣವಾದರೂ ನಂಬಿದ್ದ ಎಂದು ಅವನಿಗೆ ತಿಳಿಯುತ್ತದೆ. ಮುಖ್ಯಸ್ಥೆಯನ್ನು ಕೇಳೋಣವೆಂದರೆ ಅವರು ಯಾವುದೋ ಸಮ್ಮೇಳನಕ್ಕೆ ಹೊರಟು ವಿಮಾನದಲ್ಲಿದ್ದರು. ದೊಡ್ಡಳಿಯ ಕುರ್ಚಿಗೆ ಒರಗಿ ಕೈ ಕಟ್ಟಿಕೊಂಡು ಕೂತ. ಮೇಲೆ ಕಿಡಿ ಆರುತ್ತಿತ್ತು.

ಅವನ ಸ್ವಂತ ಫೋನು ಬಡಿದುಕೊಂಡಿತು. ಚಿಕ್ಕಳಿಯ.

"ಅಣ್ಣ, ನನ್ನ ಫೋನಿಗೂ ಸುದ್ದಿ ಬಂತು. ಏನ್ ಚೆಂದ ಇದೆ! ಪ್ರಕಟಣೆ ಇನ್ನೂ ಕಾಣ್ತಿಲ್ವಲ್ಲ?"

"ಚೆಂದ ಇರ್ದೆ ಏನಪ್ಪ. ಕಷ್ಟಪಟ್ಟು ಮಾಡಿದೀಯ."

"ಏನು?"

"ಎರಡನೇ ಶಿಖರ ಇನ್ನೊಂಚೂರು ಗಿಡ್ಡ ಇದ್ದಿದ್ರೆ ನಂಬ್ತಿದ್ದೆ ನೋಡು."

"ಅಣ್ಣ, ಅದು ನಂದಲ್ಲ."

"ನೀನು ಹಾಗೇ ಹೇಳ್ಬೇಕು. ನಿಯಮ."

"ನಿಯಮಕ್ಕೆ ಹೇಳ್ತಿಲ್ಲ ಅಣ್ಣ. ನಿಜವಾಗ್ಲೂ ನಂದಲ್ಲ."

"ಹಿಂದಿನ ಸಲಾನೂ 'ನಿಜವಾಗ್ಲೂ' ಅಂದಿದ್ದೆ."

"ಅಯ್ಯೋ ಅದು ಅಣಕು, ಇದು ನಿಜ! ನಾನಿಲ್ಲಿ ಅತ್ತೇನ ಕರ್ಕೊಂಡು ಕಣ್ಣಿನ ಡಾಕ್ಟರ್ ಹತ್ರ ಬಂದಿದೀನಿ. ಇಲ್ಲಿ ಕೂತು ನಾನು ಸ್ಫೋಟ ಮಾಡ್ಲಾ?"

ಫೋನಿನೊಳಗೆ ಇನ್ನೊಂದು ದನಿ ತೂರಿತು. "ಯಾರು, ದೊಡ್ಡಳಿಯಂದ್ರಾ? ಏನಂತೆ? ಕೊಡಿ ಇಲ್ಲಿ." ಆಮೇಲೆ, ಕಿವಿಯ ಪಕ್ಕದಲ್ಲೇ: "ಅಳಿಯಂದ್ರೇ, ಅವರು ಸುಳ್ಳು ಹೇಳೋರಲ್ಲ. ನಂಗೆ ಕಣ್ಣಿಗೆ ಹನಿ ಹಾಕಿದಾರೆ, ಏನೂ ಕಾಣ್ತಿಲ್ಲ, ಆದ್ರೂ ಹೇಳ್ತೀನಿ. ಅವರ ಮುಖ ನೋಡಿದ್ರೇ ಗೊತ್ತಾಗುತ್ತೆ."

ದೊಡ್ಡಳಿಯನಿಗೆ ಉಳಿದಿದ್ದ ಒಂದಿಷ್ಟು ಸಂಶಯವೂ ಅಲ್ಲಿಗೆ ಹೋಯಿತು. ಅಂಥ ಸ್ಫೋಟ ತನಗೆ ಬೀಳುವುದೆಂದರೇನು? ಬಿದ್ದಿದ್ದರೆ ಷಡ್ಡಕನಿಗೆ ಬೀಳಬೇಕಿತ್ತು. ತನ್ನ ಪಾಲಿಗೆ ಬಂದದ್ದೇ ಅದು ಹುಸಿ ಎಂಬುದಕ್ಕೆ ಸಾಕ್ಷಿ. ಸ್ಫೋಟಗಳಿಗೆ ವಾರವಿಲ್ಲ, ವೇಳೆಯಿಲ್ಲ ಎಂದು ಪ್ರಬಂಧ ಬರೆದ ಮನುಷ್ಯ ಆ ಕುರ್ಚಿಯಲ್ಲಿ ಕೂತು ಈ ತರ್ಕವನ್ನು ಎರಡು ಸಲ ಪರೀಕ್ಷಿಸಿ, ದೋಷವಿಲ್ಲವೆಂದು ಕಂಡುಕೊಂಡ.

"ಕಣ್ಣು ಹುಷಾರು ಅತ್ತೆ," ಎಂದು ಹೇಳಿ ಫೋನು ಇಟ್ಟ.

ಸೂರ್ಯಕ್ಕನಿಗೆ ತಡೆಯಲಾಗಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ತನ್ನ ಮೇಜಿನಿಂದಲೇ ಆಂಟೆನಾ ಕೋಣೆಗೆ ಫೋನು ಮಾಡಿದಳು. "ದೂರದರ್ಶಕ ತಿರುಗಿದೆಯೇನ್ರೀ?" ಆ ಕಡೆಯ ಉತ್ತರ ದೊಡ್ಡಳಿಯನಿಗೂ ಕೇಳಿಸಿತು, ಆಂಟೆನಾದವರು ಯಾವಾಗಲೂ ಕೂಗಿಯೇ ಮಾತಾಡುವವರು: "ತಿರುಗಿ ಯಾವ ಕಾಲ ಆಯ್ತು! ನೀವು ಪ್ರಕಟಣೆ ಕೊಟ್ರಲ್ಲ ಈಗ, ನೋಡಿದ್ವಿ. ಸಾರ್‌ಗೆ ಕಂಗ್ರಾಟ್ಸ್ ಹೇಳಿ!"

ಪ್ರಕಟಣೆ ಪರದೆಯ ಮೇಲೆ ಬಂದು ಕೂತಿತ್ತು. ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಅದನ್ನು ಬರೆದು ಕಳಿಸಿದವನು ಚಿಕ್ಕಳಿಯ. ಅಳೆದಂಥ ಮಾತು, 'ಅಪೂರ್ವ'ವೂ ಇಲ್ಲ, 'ಅಭೂತಪೂರ್ವ'ವೂ ಇಲ್ಲ. ಮೊದಲ ಹೆಸರು ದೊಡ್ಡಳಿಯನದು. ಎರಡನೆಯ ಹೆಸರಿನ ಜಾಗದಲ್ಲಿ ಯಾರೂ ಇರಲಿಲ್ಲ.

ಆರುತ್ತಿದ್ದ ಕಿಡಿಯನ್ನು ಒಂದು ದೊಡ್ಡ ವೀಕ್ಷಣಾಲಯ ಕೊನೆಯ ಗಳಿಗೆಯಲ್ಲಿ ಹಿಡಿಯಿತು. ಆ ನಕ್ಷತ್ರ ಸತ್ತಾಗ ಭೂಮಿಯಿರಲಿ ಸೂರ್ಯನೂ ಹುಟ್ಟಿರಲಿಲ್ಲ. ಕಚೇರಿಯ ದೂರದರ್ಶಕ ಅದುವರೆಗೆ ಕಂಡ ಸ್ಫೋಟಗಳಲ್ಲೆಲ್ಲ ಅತ್ಯಂತ ದೂರದ್ದು ಅದೇ. ಕಚೇರಿಯ ಹೆಮ್ಮೆಗಳಲ್ಲಿ 'ಅಬ್ಬಾ' ಎರಡನೆಯ ಸ್ಥಾನಕ್ಕೆ ಇಳಿಯಿತು. ಕಾರಿಡಾರಿನಲ್ಲಿ ಯಾರು ಕೇಳಿದರೂ, "ದೊಡ್ಡಳಿಯನ ಸ್ಫೋಟ" ಎಂದು ಉತ್ತರ ಬರುತ್ತಿತ್ತು. ಸೂರ್ಯಕ್ಕ ಏನೂ ಹೇಳಲಿಲ್ಲ. ಪತ್ರಿಕೆಯವರು ಬಂದು ಫೋಟೋ ತೆಗೆದರು. ನಗಿ ಸಾರ್ ಎಂದರು, ಅವನು ಪ್ರಯತ್ನಪಟ್ಟ.

ಭಾನುವಾರ ಅತ್ತೆಯ ಫ್ರಿಜ್ಜಿನ ಮೇಲೆ ಹೊಸ ತುಣುಕು ಇತ್ತು, ಹಳೆಯದಕ್ಕಿಂತ ಮೇಲೆ, ಹಳೆಯದಕ್ಕಿಂತ ದೊಡ್ಡದು.

"ಚೆನ್ನಾಗಿ ಬಂದಿದೆ," ಎಂದರು ಅತ್ತೆ. "ಚಿಕ್ಕಳಿಯಂದ್ರೇ ಕತ್ತರಿಸಿ ತಂದು ಅಂಟಿಸಿದ್ರು. ಅವರದನ್ನ ಕೆಳಗಿಳಿಸಿ ನಿಮ್ಮದನ್ನ ಮೇಲಕ್ಕೆ ಹಾಕಿದ್ರು. ನಾನು ಬೇಡ ಅಂದೆ, ಕೇಳ್ಲಿಲ್ಲ."

ದೊಡ್ಡಳಿಯನಿಗೆ ಅಂದು ಊಟ ಸೇರಲಿಲ್ಲ. ಮನೆಗೆ ಇಳಿದು ಬಂದ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ನಿಮ್ದು? ಸಿಗ್ಲಿಲ್ಲ ಅಂತ ಇಷ್ಟು ವರ್ಷ ಹೊಟ್ಟೆ ಉರ್ಕೊಂಡ್ರಿ. ಈಗ ಸಿಕ್ತು ಅಂತ ಉರ್ಕೊಳ್ತಿದೀರಲ್ಲ?"

"ಸಿಗ್ಲಿಲ್ಲ ಕಣೇ. ಕೊಟ್ಟ."

"ಯಾರು ಕೊಟ್ರೇನು, ನಿಮ್ ಹೆಸರಲ್ವಾ ಇರೋದು?"

"ಅದೇ ತೊಂದರೆ."

ಅವಳು ಅದನ್ನು ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗದೆ ದೀಪ ಆರಿಸಿದಳು.

ಮುಖ್ಯಸ್ಥೆ ಸಮ್ಮೇಳನದಿಂದ ಮರಳಿದ ದಿನವೇ ದೊಡ್ಡಳಿಯ ಅವರ ಕೋಣೆಗೆ ಹೋದ. ಅಲ್ಲಿ ಚಿಕ್ಕಳಿಯ ಮೊದಲೇ ಕೂತಿದ್ದ, ಬೇರೆ ಯಾವುದೋ ಕೆಲಸಕ್ಕೆ. ಎದ್ದು ಕುರ್ಚಿ ಬಿಟ್ಟುಕೊಟ್ಟ. ದೊಡ್ಡಳಿಯ ಕೂರಲಿಲ್ಲ.

"ಮೇಡಂ, ಪ್ರಕಟಣೆಗೆ ಒಂದು ತಿದ್ದುಪಡಿ ಬೇಕು ಅಂತ ಬಂದೆ. ಅಂದ್ರೆ, ಬೇಕೋ ಬೇಡವೋ ಅಂತ ಕೇಳಕ್ಕೆ ಬಂದೆ." ಹೇಳುವಾಗ ಅವನಿಗೆ ಇನ್ನೂ ನಿರ್ಧಾರವಾಗಿರಲಿಲ್ಲ, ಬೇಡ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದ. "ಅವತ್ತು ಅದನ್ನ ಗುರುತಿಸಿದ್ದು ನಾನಲ್ಲ. ನಾನು ಅಣಕು ಅಂದ್ಕೊಂಡು ಸುಮ್ನೆ ಕೂತಿದ್ದೆ."

"ಸುಮ್ನೇನಾ? ಎಷ್ಟೊತ್ತು?" ಎಂದರು ಮುಖ್ಯಸ್ಥೆ.

"ತುಂಬಾ ಹೊತ್ತು."

ಮುಖ್ಯಸ್ಥೆ ಚಿಕ್ಕಳಿಯನ ಕಡೆ ನೋಡಿದರು. "ನೀವು ಹೇಳ್ಲೇ ಇಲ್ವಲ್ರೀ."

"ಸರದಿ ಅಣ್ಣಂದು ಮೇಡಂ. ನಿಯಮದ ಪ್ರಕಾರ ಮೊದಲ ಹೆಸರು ಅವರದೇ. ನಾನು ಬರೀ ಟೈಪ್ ಮಾಡಿದ್ದು." ಆಮೇಲೆ ದೊಡ್ಡಳಿಯನ ಕಡೆ ತಿರುಗಿ, ನಿಜವಾದ ಮರುಕದಿಂದ, ಬೆನ್ನು ತಟ್ಟುವಷ್ಟು ಹತ್ತಿರ ಬಂದು ಹೇಳಿದ: "ಇಟ್ಕೊಳ್ಳಿ ಅಣ್ಣ. ನಿಮಗೆ ಎಷ್ಟು ವರ್ಷದ ಆಸೆ. ನಂಗೇನು, ಇನ್ನೊಂದು ಬರುತ್ತೆ ಬಿಡಿ."

ದೊಡ್ಡಳಿಯನ ಮುಖ ಕಿವಿಯವರೆಗೂ ಕೆಂಪಾಯಿತು.

"ಬೇಡ," ಎಂದ. "ನನ್ನ ಹೆಸರು ಮೊದಲು ಬೇಡ. ಇವತ್ತೇ ತಿದ್ದಿ ಕಳಿಸಿ ಮೇಡಂ. ನಾನೇ ಬರೆದುಕೊಡ್ತೀನಿ."

"ಯೋಚನೆ ಮಾಡಿ. ಇಂಥದು ಮತ್ತೆ ಸಿಗದೇ ಇರಬಹುದು."

"ಗೊತ್ತು."

"ಅಣ್ಣ, ಸುಮ್ನೆ ಯಾಕೆ," ಎಂದು ಚಿಕ್ಕಳಿಯ ಶುರುಮಾಡಿದ.

"ನೀನು ಸುಮ್ನಿರು. ನಿನ್ನ ಸ್ಫೋಟ ನೀನಿಟ್ಕೋ."

ಅವನು ಅಲ್ಲೇ ನಿಂತು, ಮುಖ್ಯಸ್ಥೆಯ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ತಿದ್ದುಪಡಿ ಬರೆದ. ಒಂದು ವಿಶೇಷಣವೂ ಇರಲಿಲ್ಲ. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಎಂದು ಮುಖ್ಯಸ್ಥೆ ಮುಂದಿನ ಸಭೆಯಲ್ಲಿ ಹೇಳಿದರು; ಹೊಸದಾಗಿ ಸೇರಿದವರಿಗೆ ಈಗಲೂ ಅದನ್ನು ಉದಾಹರಣೆಯಾಗಿ ಹೇಳುತ್ತಾರೆ. ದೊಡ್ಡಳಿಯ ಆ ಮಾತನ್ನು ತಲೆ ತಗ್ಗಿಸಿ ಕೇಳಿದ. ಅದನ್ನೂ ವಿನಯವೆಂದೇ ತಿಳಿದರು.

ತಿದ್ದುಪಡಿ ಅಂದು ಸಂಜೆ ಹೊರಬಿತ್ತು. ಮೊದಲ ಹೆಸರು ಚಿಕ್ಕಳಿಯನದು, ದೊಡ್ಡಳಿಯನದು ಎರಡನೆಯದು.